ಗೊನ್ಜಾಗಾ ಬಾಸ್ಕೆಟ್‌ಬಾಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ನೋಡ್ತೀನಿ ಅಂದ ಕೂಡಲೇ ಎಲ್ಲರೂ ಕೇಳುವುದು, "ನಿಮ್ಮ ಟೀಮ್ ಯಾವುದು?" ಗೊನ್ಜಾಗಾ ಅಂತೀನಿ. ಆಮೇಲೆ ಪ್ರಶ್ನೆಗಳು ಒಂದರ ಹಿಂದೆ ಒಂದು ಬರುತ್ತವೆ. ಗೆಳೆಯರು, ಸಂಜೆ ಕೋರ್ಟಿಗೆ ಬರುವ ಹುಡುಗರು, ಅಮೆರಿಕಕ್ಕೆ ಓದಲು ಹೊರಟವರು, ಕಾಗದ ಬರೆದವರು ಕೇಳಿದ್ದನ್ನು ಇಲ್ಲಿ ಒಂದೆಡೆ ಸೇರಿಸಿದ್ದೇನೆ. ಏನೂ ಗೊತ್ತಿಲ್ಲದವರು ಮೇಲಿನಿಂದ ಓದಿ. ಆಟ ಗೊತ್ತಿರುವವರು ನೇರವಾಗಿ ಕೆಳಗೆ ಹೋಗಬಹುದು.

## ಮೊದಲಿಂದ ಶುರು ಮಾಡುವವರಿಗೆ

ಗೊನ್ಜಾಗಾ ಅಂದ್ರೆ ಊರಾ, ಕಾಲೇಜಾ?

ವಿಶ್ವವಿದ್ಯಾಲಯ. ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದಲ್ಲಿ ಸ್ಪೋಕ್ಯಾನ್ ಅನ್ನುವ ಊರಿದೆ. ಸಿಯಾಟಲ್‌ನಿಂದ ಪೂರ್ವಕ್ಕೆ ಸುಮಾರು 450 ಕಿಲೋಮೀಟರ್. ಊರ ನಡುವೆ ಅದೇ ಹೆಸರಿನ ನದಿ ಹರಿಯುತ್ತದೆ, ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಈ ಊರಲ್ಲಿ ಜೆಸ್ವಿಟ್ ಪಾದ್ರಿಗಳು 1887ರಲ್ಲಿ ಶುರು ಮಾಡಿದ ಶಾಲೆಯೇ ಇವತ್ತಿನ ಗೊನ್ಜಾಗಾ. ವಿದ್ಯಾರ್ಥಿಗಳು ಏಳು ಸಾವಿರದ ಆಸುಪಾಸು. ಇವರ ಎದುರು ಆಡುವ ಅನೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಮೂವತ್ತು, ನಲವತ್ತು ಸಾವಿರ ಮಕ್ಕಳಿದ್ದಾರೆ. ಚಿಕ್ಕದು ಅನ್ನುವುದು ಈ ಲೆಕ್ಕದಲ್ಲಿ.

ಈ ಹೆಸರು ಎಲ್ಲೋ ಕೇಳಿದ ಹಾಗಿದೆ. ಮಂಗಳೂರಿಗೂ ಇದಕ್ಕೂ ಏನಾದ್ರೂ ಸಂಬಂಧ ಇದ್ಯಾ?

ಇದೆ. ನನ್ನನ್ನು ಈ ಟೀಮಿನ ಕಡೆಗೆ ಎಳೆದಿದ್ದೂ ಅದೇ.

ಮಂಗಳೂರಿನ ಲೈಟ್‌ಹೌಸ್ ಹಿಲ್ ಮೇಲಿನ ಸೇಂಟ್ ಅಲೋಶಿಯಸ್ ಕಾಲೇಜು ಎಲ್ಲರಿಗೂ ಗೊತ್ತಲ್ವಾ? ಅಂತೋನಿಯೋ ಮೊಸ್ಕೇನಿ ಗೋಡೆ, ಮಾಡು ಎಲ್ಲ ಚಿತ್ರ ಬಿಡಿಸಿದ ಆ ಚಾಪೆಲ್ ಇರುವ ಕಾಲೇಜು. ಆ ಅಲೋಶಿಯಸ್‌ನ ಮನೆತನದ ಹೆಸರೇ ಗೊನ್ಜಾಗಾ. 1568ರಲ್ಲಿ ಇಟಲಿಯ ಸಿರಿವಂತ ಮನೆತನದಲ್ಲಿ ಹುಟ್ಟಿದ ಹುಡುಗ. ಹಿರಿಮಗನಾಗಿ ಬರಬೇಕಿದ್ದ ಆಸ್ತಿ, ಅಧಿಕಾರ ಬಿಟ್ಟು ಜೆಸ್ವಿಟರ ಜೊತೆ ಸೇರಿದ. ರೋಮ್‌ನಲ್ಲಿ ಸಾಂಕ್ರಾಮಿಕ ರೋಗ ಬಂದಾಗ ರೋಗಿಗಳನ್ನು ನೋಡಿಕೊಳ್ಳುತ್ತಾ ತಾನೂ ಕಾಯಿಲೆ ಬಿದ್ದು 1591ರಲ್ಲಿ ತೀರಿಕೊಂಡ. ಆಗ ಅವನಿಗೆ 23 ವರ್ಷ.

ಮಂಗಳೂರಿನ ಕಾಲೇಜು ಶುರುವಾಗಿದ್ದು 1880ರಲ್ಲಿ, ಸ್ಪೋಕ್ಯಾನ್‌ನದು ಏಳು ವರ್ಷ ಆದಮೇಲೆ. ಎರಡು ಕಡೆಯೂ ಇಟಲಿಯಿಂದ ಬಂದ ಜೆಸ್ವಿಟರ ಕೈಯಿದೆ. ಸ್ಪೋಕ್ಯಾನ್‌ನಲ್ಲಿ ಶಾಲೆ ಶುರು ಮಾಡಿದ ಫಾದರ್ ಜೋಸೆಫ್ ಕತಾಲ್ಡೊ ಸಿಸಿಲಿಯವರು. ಇಲ್ಲಿ ಸಂತನ ಹೆಸರು ಉಳಿಯಿತು, ಅಲ್ಲಿ ಮನೆತನದ ಹೆಸರು. ಸ್ಪೋಕ್ಯಾನ್ ಕ್ಯಾಂಪಸ್ಸಿಗೆ ತಾಗಿಕೊಂಡೇ ಎರಡು ಗೋಪುರದ ಸೇಂಟ್ ಅಲೋಶಿಯಸ್ ಚರ್ಚ್ ಇದೆ. ಹಾಗಂತ ಒಂದೇ ಆಡಳಿತ ಅಂದುಕೊಳ್ಳಬೇಡಿ. ಇವು ಬೇರೆ ಬೇರೆ ಸಂಸ್ಥೆಗಳು, ಹೆಸರಿನ ಮೂಲ ಒಂದೇ.

ಗೊನ್ಜಾಗಾ ಅನ್ನಬೇಕಾ, ಗನ್‌ಜ್ಯಾಗ ಅನ್ನಬೇಕಾ?

ಸ್ಪೋಕ್ಯಾನ್ ಜನ ಗನ್‌ಜ್ಯಾಗ ಅಂತಾರೆ, 'ಜ್ಯಾ' ಮೇಲೆ ಒತ್ತು ಹಾಕಿ. ಟೀಮಿನ ಅಧಿಕೃತ ಹೆಸರು ಬುಲ್‌ಡಾಗ್ಸ್, ಪ್ರೀತಿಯ ಹೆಸರು ಜ್ಯಾಗ್ಸ್. ನಾನು ಮಂಗಳೂರಿನ ಬಾಯಿರೂಢಿಯಲ್ಲಿ ಗೊನ್ಜಾಗಾ ಅಂತ ಬರೆಯುತ್ತೇನೆ.

ಬರೀ ಕಾಲೇಜು ಹುಡುಗರ ಆಟ. ಅದಕ್ಯಾಕೆ ಅಲ್ಲಿ ಅಷ್ಟು ಹುಚ್ಚು?

ವೃತ್ತಿಪರ ಲೀಗ್ ಆದ ಎನ್‌ಬಿಎ ಟೀಮುಗಳಿರುವುದು ಹೆಚ್ಚಾಗಿ ದೊಡ್ಡ ನಗರಗಳಲ್ಲಿ. ಸ್ಪೋಕ್ಯಾನ್‌ನಂಥ ಊರಿಗೆ ಆ ಭಾಗ್ಯ ಇಲ್ಲ. ಹಾಗಾಗಿ ಕಾಲೇಜಿನ ಟೀಮೇ ಊರಿನ ಟೀಮು. ಅಲ್ಲಿ ಓದದವರೂ, ಮಕ್ಕಳನ್ನು ಅಲ್ಲಿಗೆ ಕಳಿಸದವರೂ 'ನಮ್ಮ ಹುಡುಗರು' ಅಂತಲೇ ಮಾತಾಡುತ್ತಾರೆ. ಇನ್ನೂ ಒಂದು ಕಾರಣ ಇದೆ. ಗೊನ್ಜಾಗಾದಲ್ಲಿ ಅಮೆರಿಕನ್ ಫುಟ್‌ಬಾಲ್ ಟೀಮ್ ಇಲ್ಲ, 1941ರ ಸೀಸನ್ ಆದಮೇಲೆ ನಿಂತೇ ಹೋಯಿತು. ಬೇರೆ ಕಡೆ ಫುಟ್‌ಬಾಲ್‌ಗೆ ಹೋಗುವ ದುಡ್ಡು, ಗಮನ, ಪ್ರೀತಿ ಇಲ್ಲಿ ಬಾಸ್ಕೆಟ್‌ಬಾಲ್‌ಗೆ ಸಿಗುತ್ತದೆ.

ಮಾರ್ಚ್ ಮ್ಯಾಡ್‌ನೆಸ್ ಅಂತ ಕೇಳ್ತಾನೇ ಇರ್ತೀವಿ. ಅದೇನು?

ಕಾಲೇಜು ಬಾಸ್ಕೆಟ್‌ಬಾಲ್‌ನ ರಾಷ್ಟ್ರೀಯ ಟೂರ್ನಿ, ಅಲ್ಲಿನ ಕಾಲೇಜು ಕ್ರೀಡೆಗಳ ಸಂಸ್ಥೆಯಾದ ಎನ್‌ಸಿಎಎ ನಡೆಸುತ್ತದೆ. ಮುನ್ನೂರೈವತ್ತಕ್ಕೂ ಜಾಸ್ತಿ ಟೀಮುಗಳು ಚಳಿಗಾಲವಿಡೀ ತಮ್ಮ ತಮ್ಮ ಲೀಗ್‌ಗಳಲ್ಲಿ ಆಡುತ್ತವೆ. ಲೀಗ್ ಗೆದ್ದವರು, ಜೊತೆಗೆ ಸಮಿತಿ ಆರಿಸಿದವರು ಸೇರಿ ಒಟ್ಟು 68 ಟೀಮುಗಳು ಮಾರ್ಚ್‌ನಲ್ಲಿ ಟೂರ್ನಿಗೆ ಬರುತ್ತವೆ. ಅವನ್ನು ನಾಲ್ಕು ಗುಂಪು ಮಾಡಿ 1ರಿಂದ 16ರವರೆಗೆ ಶ್ರೇಯಾಂಕ ಕೊಡುತ್ತಾರೆ. ಒಂದು ಸೋತರೆ ಮನೆಗೆ. ಕಪ್ ಬೇಕಂದ್ರೆ ಸಾಮಾನ್ಯವಾಗಿ ಆರು ಪಂದ್ಯ ಸಾಲಾಗಿ ಗೆಲ್ಲಬೇಕು.

ಒಂದೇ ಪಂದ್ಯದ ತೀರ್ಪು ಆಗಿರುವುದರಿಂದ ಚಿಕ್ಕವರಿಗೂ ಒಂದು ಬಾಗಿಲು ತೆರೆದಿರುತ್ತದೆ. ಏಳು ಪಂದ್ಯದ ಸರಣಿ ಇಟ್ಟರೆ ದೊಡ್ಡವರೇ ಗೆಲ್ಲುತ್ತಾರೆ. ಒಂದು ಸಂಜೆಯ ನಲವತ್ತು ನಿಮಿಷದಲ್ಲಿ ಏನು ಬೇಕಾದ್ರೂ ಆಗಬಹುದು.

## ಹಳೇ ಕಥೆ

1999ರಲ್ಲಿ ಹೆಸರು ಮಾಡುವ ಮುಂಚೆ ಈ ಟೀಮ್ ಇತ್ತಾ?

ಇತ್ತು. 1907ರಿಂದಲೇ ಆಡುತ್ತಿದ್ದಾರೆ. ಆದರೆ ಹೊರಗಿನವರಿಗೆ ಗೊತ್ತಿರಲಿಲ್ಲ.

ಆ ಕಾಲದ ಒಬ್ಬರ ಹೆಸರು ಹೇಳಲೇಬೇಕು: ಫ್ರಾಂಕ್ ಬರ್ಜೆಸ್. ಅರ್ಕಾನ್ಸಾದ ಕಪ್ಪು ಹುಡುಗ, ವಾಯುಪಡೆಯಲ್ಲಿ ಕೆಲಸ ಮಾಡಿ ಆಮೇಲೆ ಕಾಲೇಜಿಗೆ ಬಂದವರು. 1960–61ರ ಸೀಸನ್‌ನಲ್ಲಿ ಪಂದ್ಯಕ್ಕೆ ಸರಾಸರಿ 32.4 ಪಾಯಿಂಟ್ ಹೊಡೆದು ಇಡೀ ದೇಶಕ್ಕೇ ಮೊದಲಿಗರಾದರು. ಮುಂದೆ ಕಾನೂನು ಓದಿ ಫೆಡರಲ್ ನ್ಯಾಯಾಧೀಶರಾದರು. ಬರ್ಜೆಸ್‌ಗೆ ಸ್ವಲ್ಪ ಮುಂಚೆ ಫ್ರಾನ್ಸಿನಿಂದ ಏಳಡಿಗೂ ಎತ್ತರದ ಜಾನ್-ಕ್ಲೋಡ್ ಲೆಫೆಬ್ವ್ರ್ ಬಂದಿದ್ದರು. ದೂರದೇಶದ ಹುಡುಗರನ್ನು ಕರೆತರುವ ಚಾಳಿ ಇವತ್ತಿನದಲ್ಲ ಅಂತ ಇದರಿಂದ ಗೊತ್ತಾಗುತ್ತದೆ.

ಆದರೆ ರಾಷ್ಟ್ರೀಯ ಟೂರ್ನಿಗೆ ಮೊದಲ ಸಲ ಕಾಲಿಡಲು 1995 ಬರಬೇಕಾಯಿತು. ಕೋಚ್ ಡ್ಯಾನ್ ಫಿಟ್ಜೆರಾಲ್ಡ್. ಮೊದಲ ಪಂದ್ಯದಲ್ಲೇ ಮೇರಿಲ್ಯಾಂಡ್ ಎದುರು ಸೋತರು.

ಎನ್‌ಬಿಎ ತಾರೆ ಜಾನ್ ಸ್ಟಾಕ್‌ಟನ್ ನಿಜವಾಗ್ಲೂ ಇಲ್ಲೇ ಓದಿದ್ದಾ?

ಓದಿದ್ದಷ್ಟೇ ಅಲ್ಲ, ಹುಟ್ಟಿ ಬೆಳೆದಿದ್ದೂ ಅದೇ ಊರಲ್ಲಿ. ಅಜ್ಜ ಗೊನ್ಜಾಗಾಕ್ಕೆ ಫುಟ್‌ಬಾಲ್ ಆಡಿದ್ದರು. ಅಪ್ಪ ಕ್ಯಾಂಪಸ್ ಪಕ್ಕದಲ್ಲೇ 'ಜ್ಯಾಕ್ ಆ್ಯಂಡ್ ಡ್ಯಾನ್ಸ್' ಅನ್ನುವ ಬಾರ್ ನಡೆಸುತ್ತಿದ್ದರು. ಹುಡುಗ ಓದಿದ ಪ್ರಾಥಮಿಕ ಶಾಲೆ ಸೇಂಟ್ ಅಲೋಶಿಯಸ್, ಹೈಸ್ಕೂಲ್ ಗೊನ್ಜಾಗಾ ಪ್ರೆಪ್, ಕಾಲೇಜು ಗೊನ್ಜಾಗಾ. ಮಗ ಡೇವಿಡ್ ಕೂಡ ಆಮೇಲೆ ಇದೇ ಟೀಮಿಗೆ ಆಡಿದ. ನಾಲ್ಕು ತಲೆಮಾರು, ನಡೆದು ಹೋಗುವಷ್ಟು ಜಾಗದಲ್ಲಿ!

ಕೊನೆಯ ವರ್ಷ ಸರಾಸರಿ 20.9 ಪಾಯಿಂಟ್ ಹೊಡೆದರೂ ಟೀಮ್ ಟೂರ್ನಿಗೆ ಹೋಗಲಿಲ್ಲ. ಎನ್‌ಬಿಎ ಟೀಮುಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅಂತಾರೆ. 1984ರ ಡ್ರಾಫ್ಟ್‌ನಲ್ಲಿ ಯೂಟಾ ಜಾಝ್ ಟೀಮು 16ನೆಯವನಾಗಿ ಆರಿಸಿದಾಗ ಯಾರಪ್ಪ ಇವನು ಅಂತ ಜನ ಕೇಳಿದ್ದರು. ಅವರು 19 ಸೀಸನ್ ಒಂದೇ ಟೀಮಿಗೆ ಆಡಿದರು. 15,806 ಅಸಿಸ್ಟ್, 3,265 ಸ್ಟೀಲ್, ಎರಡೂ ಎನ್‌ಬಿಎ ದಾಖಲೆ. ಅಸಿಸ್ಟ್ ಅಂದರೆ ಇನ್ನೊಬ್ಬ ಬುಟ್ಟಿಗೆ ಹಾಕುವಂತೆ ಚೆಂಡು ಕೊಡುವುದು, ಸ್ಟೀಲ್ ಅಂದರೆ ಎದುರಾಳಿಯಿಂದ ಚೆಂಡು ಕಸಿಯುವುದು. ಹದಿನೈದು ಸಾವಿರ ಸಲ ಇನ್ನೊಬ್ಬರ ಕೈಗೆ ಸರಿಯಾದ ಹೊತ್ತಿಗೆ ಚೆಂಡು ಕೊಟ್ಟವರು ಅವರು. ಗೊನ್ಜಾಗಾದ ಆಟದಲ್ಲಿ ಇವತ್ತಿಗೂ ಆ ಗುಣ ಕಾಣುತ್ತದೆ.

1999ರಲ್ಲಿ ಅಷ್ಟು ದೊಡ್ಡದು ಏನಾಯ್ತು?

ಹತ್ತನೇ ಶ್ರೇಯಾಂಕದ, ಹೆಸರು ಉಚ್ಚರಿಸಲೂ ಬಾರದ ಟೀಮೊಂದು ದೇಶದ ಕೊನೆಯ ಎಂಟರಲ್ಲಿ ಬಂದು ನಿಂತಿತು.

ಕೋಚ್ ಡ್ಯಾನ್ ಮಾನ್ಸನ್, ಮುಖ್ಯ ಕೋಚ್ ಆಗಿ ಎರಡನೇ ವರ್ಷ. ಮೊದಲ ಪಂದ್ಯ ಸಿಯಾಟಲ್‌ನಲ್ಲಿ, ಮಿನೆಸೋಟಾ ಎದುರು. ಅಲ್ಲಿ ಆಟಗಾರರ ಪರೀಕ್ಷೆ, ಅಸೈನ್‌ಮೆಂಟ್‌ಗಳನ್ನು ಬೇರೆಯವರು ಬರೆದುಕೊಟ್ಟ ಹಗರಣ ಹಿಂದಿನ ದಿನವಷ್ಟೇ ಹೊರಬಿದ್ದು, ನಾಲ್ವರು ಆಟಗಾರರು ಹೊರಗಿದ್ದರು. ಗೊನ್ಜಾಗಾ 75–63ರಿಂದ ಗೆದ್ದಿತು. ಅದೃಷ್ಟ ಅಂದರು ಜನ. ಮುಂದಿನ ಪಂದ್ಯದಲ್ಲಿ ಎರಡನೇ ಶ್ರೇಯಾಂಕದ ಸ್ಟ್ಯಾನ್‌ಫರ್ಡ್ ಅನ್ನು 82–74ರಿಂದ ಸೋಲಿಸಿದಾಗ ಹಾಗೆ ಅನ್ನುವವರು ಕಡಿಮೆಯಾದರು.

ಆಮೇಲೆ ಫೀನಿಕ್ಸ್, ಎದುರಿಗೆ ಫ್ಲಾರಿಡಾ. ಕೊನೆಯ ಹದಿನೈದು ಸೆಕೆಂಡು. ಫ್ಲಾರಿಡಾ ಒಂದು ಪಾಯಿಂಟ್ ಮುಂದೆ, ಚೆಂಡೂ ಅವರದ್ದೇ. ಅವರ ಆಟಗಾರ ಹೆಜ್ಜೆ ತಪ್ಪಿಸಿದ, ರೆಫ್ರಿ ಟ್ರಾವೆಲಿಂಗ್ ಕೊಟ್ಟರು. ಚೆಂಡು ಗೊನ್ಜಾಗಾಕ್ಕೆ. ಕ್ವೆಂಟಿನ್ ಹಾಲ್ ಒಳಗೆ ನುಗ್ಗಿ ಎಸೆದ, ಬೀಳಲಿಲ್ಲ. ರಿಂಗಿಗೆ ಬಡಿದು ಮೇಲೆದ್ದ ಚೆಂಡಿಗೆ ಕೇಸಿ ಕ್ಯಾಲ್ವರಿ ಬೆರಳ ತುದಿ ಕೊಟ್ಟ. ಒಳಗೆ ಬಿತ್ತು. ಗಡಿಯಾರದಲ್ಲಿ 4.4 ಸೆಕೆಂಡು. 73–72.

ಮುಂದಿನ ಪಂದ್ಯದಲ್ಲಿ ಕನೆಕ್ಟಿಕಟ್ ಎದುರು 67–62ರಿಂದ ಸೋತರು, ಕೊನೆಯ ನಿಮಿಷದವರೆಗೂ ಹೋರಾಡಿಯೇ. ಆ ವರ್ಷದ ಕಪ್ ಕನೆಕ್ಟಿಕಟ್‌ಗೇ ಹೋಯಿತು.

ಇಷ್ಟಾದಮೇಲೆ ಕೋಚ್ ಬಿಟ್ಟು ಹೋದ್ರಂತೆ, ನಿಜಾನಾ?

ನಿಜ. ಹಗರಣದಲ್ಲಿ ಕೋಚ್ ಕಳೆದುಕೊಂಡ ಅದೇ ಮಿನೆಸೋಟಾ, ತನ್ನನ್ನು ಸೋಲಿಸಿದ ಮಾನ್ಸನ್‌ರನ್ನೇ ದೊಡ್ಡ ಸಂಬಳ ಕೊಟ್ಟು ಕರೆದುಕೊಂಡಿತು. ಅವರನ್ನು ದೂರುವ ಹಾಗಿಲ್ಲ, ಆಗ ಎಲ್ಲರೂ ಮಾಡುತ್ತಿದ್ದುದು ಅದನ್ನೇ. ಚಿಕ್ಕ ಕಾಲೇಜಿನ ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಒಂದು ಒಳ್ಳೆ ಮಾರ್ಚ್, ಕೋಚ್ ಹೋದರು, ಮತ್ತೆ ಮೊದಲಿನ ಕತ್ತಲೆ.

ಗೊನ್ಜಾಗಾ ಹೊರಗಿನವರನ್ನು ಹುಡುಕಲಿಲ್ಲ. ಹತ್ತು ವರ್ಷದಿಂದ ಅಲ್ಲೇ ಸಹಾಯಕರಾಗಿದ್ದ 36ರ ಮಾರ್ಕ್ ಫ್ಯೂಗೆ ಕೆಲಸ ಕೊಟ್ಟಿತು. 2000ದಲ್ಲಿ ಮತ್ತೆ ಹತ್ತನೇ ಶ್ರೇಯಾಂಕದಿಂದ ಕೊನೆಯ ಹದಿನಾರಕ್ಕೆ ಬಂದರು, 2001ರಲ್ಲಿ ಹನ್ನೆರಡನೇ ಶ್ರೇಯಾಂಕದಿಂದ ಮತ್ತೆ ಅಲ್ಲಿಗೆ. ಮೂರನೇ ಸಲ ಆದಾಗ ಇದು ಅದೃಷ್ಟ ಅಲ್ಲ ಅಂತ ಎಲ್ಲರಿಗೂ ಅರ್ಥವಾಯಿತು.

## ಕಟ್ಟಿದ್ದು ಹೇಗೆ

ಮಾರ್ಕ್ ಫ್ಯೂ ಯಾಕೆ ಬೇರೆ ಕಡೆ ಹೋಗಲಿಲ್ಲ? ಕರೀಲಿಲ್ವಾ?

ಕರೆದರು, ದೊಡ್ಡ ದೊಡ್ಡ ಕಾಲೇಜುಗಳ ಜೊತೆ ವರ್ಷ ವರ್ಷವೂ ಅವರ ಹೆಸರು ಕೇಳಿಬರುತ್ತಿತ್ತು. ಅವರು ಆರೆಗನ್ ರಾಜ್ಯದ ಕ್ರೆಸ್‌ವೆಲ್ ಅನ್ನುವ ಚಿಕ್ಕ ಊರಿನ ಪಾದ್ರಿಯ ಮಗ. ನದಿಯಲ್ಲಿ ನಿಂತು ಗಾಳ ಹಾಕಿ ಮೀನು ಹಿಡಿಯುವುದೆಂದರೆ ಪ್ರಾಣ. ಸ್ಪೋಕ್ಯಾನ್‌ನಲ್ಲಿ ನದಿ, ಕಾಡು, ಮನೆ, ಟೀಮು ಎಲ್ಲ ಹತ್ತಿರ ಹತ್ತಿರ. ಇದನ್ನು ಬಿಟ್ಟು ಎಲ್ಲಿಗೆ ಹೋಗಲಿ ಅನ್ನುವ ಮನುಷ್ಯ.

ನನ್ನ ಪ್ರಕಾರ ಗೊನ್ಜಾಗಾದ ಗುಟ್ಟು ಇದೊಂದೇ: ಜನ ಉಳಿದರು. ಕೋಚ್ ಉಳಿದರು. ಸಹಾಯಕ ಟಾಮಿ ಲಾಯ್ಡ್ ಇಪ್ಪತ್ತು ವರ್ಷ ಉಳಿದು, 2021ರಲ್ಲಿ ಅರಿಝೋನಾಕ್ಕೆ ಮುಖ್ಯ ಕೋಚ್ ಆಗಿ ಹೋದರು. 1999ರಿಂದ 2025ರವರೆಗೆ ಟೂರ್ನಿ ನಡೆದ ಒಂದು ವರ್ಷವೂ ಗೊನ್ಜಾಗಾ ತಪ್ಪಿಸಿಕೊಂಡಿಲ್ಲ. 2020ರಲ್ಲಿ ಕೋವಿಡ್‌ನಿಂದ ಟೂರ್ನಿಯೇ ನಡೆಯಲಿಲ್ಲ. ಫ್ಯೂ 700ಕ್ಕೂ ಜಾಸ್ತಿ ಪಂದ್ಯ ಗೆದ್ದಿದ್ದಾರೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಅಮೆರಿಕ ತಂಡದ ಸಹಾಯಕ ಕೋಚ್‌ಗಳಲ್ಲಿ ಅವರೂ ಒಬ್ಬರು.

'ರೆಡ್‌ಶರ್ಟ್' ಅಂತಾರಲ್ಲ, ಅದೇನು?

ಒಂದು ವರ್ಷ ಪಂದ್ಯ ಆಡದೆ ಬರೀ ಅಭ್ಯಾಸ ಮಾಡುವುದು. ಆ ವರ್ಷ ಆಟದ ಲೆಕ್ಕಕ್ಕೆ ಸೇರುವುದಿಲ್ಲ, ಆದ್ದರಿಂದ ಕೊನೆಗೆ ಒಂದು ವರ್ಷ ಜಾಸ್ತಿ ಸಿಗುತ್ತದೆ.

ಕೆನಡಾದ ಕೆಲ್ಲಿ ಒಲಿನಿಕ್ ಇದಕ್ಕೆ ಒಳ್ಳೆ ಉದಾಹರಣೆ. ಹೈಸ್ಕೂಲಿನಲ್ಲಿ ಗಾರ್ಡ್ (ಚೆಂಡು ನಡೆಸುವ ಆಟಗಾರ) ಆಗಿದ್ದವನು ಇದ್ದಕ್ಕಿದ್ದಂತೆ ಎತ್ತರ ಬೆಳೆದು ಏಳಡಿ ಮುಟ್ಟಿದ. ಆ ಮೈ ಅವನ ಮಾತು ಕೇಳುತ್ತಿರಲಿಲ್ಲ. ಎರಡು ವರ್ಷ ಬೆಂಚಿನಿಂದ ಬಂದು ಆಡಿದ. ಮೂರನೇ ವರ್ಷ, 2011–12, ಪೂರ್ತಿ ಹೊರಗೆ ಕೂತು ಬರೀ ತೂಕ ಎತ್ತುವುದು, ಕಾಲಿನ ಕೆಲಸ. ವಾಪಸ್ ಬಂದಾಗ ಸರಾಸರಿ 17.8 ಪಾಯಿಂಟ್, ದೇಶದ ಅತ್ಯುತ್ತಮ ಐವರಲ್ಲಿ ಒಬ್ಬ. ಗಾರ್ಡ್‌ನ ಕೈಚಳಕ, ಬುಟ್ಟಿಯ ಹತ್ತಿರ ಆಡುವ ಸೆಂಟರ್‌ನ ಎತ್ತರ ಎರಡೂ ಅವನಲ್ಲಿತ್ತು. ಆ ವರ್ಷ, 2013ರ ಮಾರ್ಚ್‌ನಲ್ಲಿ, ಗೊನ್ಜಾಗಾ ಇತಿಹಾಸದಲ್ಲೇ ಮೊದಲ ಸಲ ದೇಶಕ್ಕೆ ನಂಬರ್ ಒನ್ ಆಯಿತು. ಎರಡನೇ ಸುತ್ತಿನಲ್ಲಿ ವಿಚಿಟಾ ಸ್ಟೇಟ್ ಎದುರು ಸೋತರು, ಆ ಮಾತು ಬೇರೆ.

ಹುಡುಗರಿಗೆ ನಾನು ಈ ಕಥೆಯನ್ನೇ ಜಾಸ್ತಿ ಹೇಳುವುದು. ಒಂದು ವರ್ಷ ಆಡದೆ ಕೂತರೆ ಹಿಂದೆ ಬಿದ್ದೆ ಅಂತ ಅಲ್ಲ.

ಜಪಾನ್, ಫ್ರಾನ್ಸ್, ಲಿಥುವೇನಿಯಾ ಹುಡುಗರು ಅಷ್ಟು ದೂರದ ಚಳಿ ಊರಿಗೆ ಯಾಕೆ ಬರ್ತಾರೆ?

ಅಮೆರಿಕದ ಒಳಗಿನ ದೊಡ್ಡ ಹೈಸ್ಕೂಲ್ ತಾರೆಗಳು ಮೊದಲೆಲ್ಲ ಗೊನ್ಜಾಗಾ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಹಾಗಾಗಿ ಬೇರೆಯವರು ಹೋಗದ ಕಡೆ ಹೋಗಬೇಕಾಯಿತು. ಆ ಕೆಲಸ ಮಾಡಿದವರು ಟಾಮಿ ಲಾಯ್ಡ್. ಫ್ರಾನ್ಸಿನ ರೋನಿ ತುರಿಯಾಫ್ 2001ರಲ್ಲಿ ಬಂದ. ಅವನ ನಗು ಕಂಡೇ ಊರು ಸೋತುಹೋಯಿತು. ಒಬ್ಬ ಚೆನ್ನಾಗಿದ್ದರೆ ಅವನ ದೇಶದ ಇನ್ನೊಬ್ಬನಿಗೆ ಧೈರ್ಯ. ಜರ್ಮನಿಯ ಇಲಿಯಾಸ್ ಹ್ಯಾರಿಸ್, ಪೋಲೆಂಡಿನ ಕಾರ್ನೋವ್‌ಸ್ಕಿ, ಲಿಥುವೇನಿಯಾದ ಡೊಮಾಂಟಸ್ ಸಬೋನಿಸ್, ಫ್ರಾನ್ಸಿನ ತಿಲ್ಲಿ ಮತ್ತು ಅಯಾಯಿ ಹೀಗೆ ಸಾಲು ಬೆಳೆಯಿತು.

ರುಯಿ ಹಾಚಿಮುರಾ ಜಪಾನಿನಿಂದ 2016ರಲ್ಲಿ ಬಂದಾಗ ಇಂಗ್ಲಿಷ್ ಅಷ್ಟಕ್ಕಷ್ಟೆ. ಟೈಮ್‌ಔಟ್‌ನಲ್ಲಿ ಕೋಚ್ ಹೇಳಿದ್ದು ಅರ್ಥವಾಗಬೇಕಲ್ವಾ? ಮೊದಲ ವರ್ಷ ಹೆಚ್ಚು ಹೊತ್ತು ಬೆಂಚಿನಲ್ಲೇ ಕಳೆದ. ಮೂರನೇ ವರ್ಷ ಟೀಮಿನ ದೊಡ್ಡ ಆಧಾರ ಅವನೇ. 2019ರ ಡ್ರಾಫ್ಟ್‌ನಲ್ಲಿ ಒಂಬತ್ತನೆಯವನಾಗಿ ಆಯ್ಕೆಯಾದ. ಜಪಾನಿನ ಆಟಗಾರನೊಬ್ಬ ಮೊದಲ ಸುತ್ತಿನಲ್ಲಿ ಆಯ್ಕೆಯಾಗಿದ್ದು ಅದೇ ಮೊದಲು.

'ದಿ ಕೆನಲ್' ಅಂದ್ರೆ ಯಾವುದು?

ನಾಯಿಗೂಡು ಅಂತ ಅರ್ಥ, ಬುಲ್‌ಡಾಗ್‌ಗಳ ಮನೆ, ಅಂದರೆ ಟೀಮಿನ ಸ್ವಂತ ಅಂಗಣ. ಹಳೇ ಕೆನಲ್ ಇನ್ನೂ ಚಿಕ್ಕದು. ಈಗಿನದು 2004ರಲ್ಲಿ ತೆರೆದ ಮೆಕಾರ್ಥಿ ಅಥ್ಲೆಟಿಕ್ ಸೆಂಟರ್, ಹಿಡಿಸುವುದು ಆರೇ ಸಾವಿರ ಜನ. ಕೆಲವು ಕಾಲೇಜುಗಳ ಅಂಗಣಗಳಲ್ಲಿ ಇಪ್ಪತ್ತು ಸಾವಿರ ಹಿಡಿಸುತ್ತದೆ. ಆದರೆ ವಿದ್ಯಾರ್ಥಿಗಳು ಕೋರ್ಟಿನ ಅಂಚಿಗೆ ಅಂಟಿಕೊಂಡೇ ನಿಲ್ಲುತ್ತಾರೆ. ದೊಡ್ಡ ಪಂದ್ಯಕ್ಕೆ ಹಿಮದಲ್ಲೇ ಟೆಂಟ್ ಹಾಕಿ ಸರದಿ ಕಾಯುತ್ತಾರೆ. ಇಲ್ಲಿ ಒಮ್ಮೆ ಸಾಲಾಗಿ 75 ಪಂದ್ಯ ಗೆದ್ದಿದ್ದರು. 2023ರ ಜನವರಿಯಲ್ಲಿ ಲೊಯೋಲಾ ಮೇರಿಮೌಂಟ್ ಒಂದೇ ಒಂದು ಪಾಯಿಂಟ್‌ನಿಂದ ಆ ಸಾಲು ಮುರಿಯಿತು.

ದುರ್ಬಲ ಲೀಗ್‌ನಲ್ಲಿ ಆಡಿ ಗೆಲ್ಲೋದು ಏನು ಮಹಾ?

ಈ ಪ್ರಶ್ನೆಯಲ್ಲಿ ನ್ಯಾಯ ಇದೆ. 1979ರಿಂದ ಇವರು ಆಡಿದ ವೆಸ್ಟ್ ಕೋಸ್ಟ್ ಲೀಗ್‌ನಲ್ಲಿ ಬಹುಪಾಲು ಇಂಥದೇ ಚಿಕ್ಕ ಖಾಸಗಿ ಕಾಲೇಜುಗಳು. 2001ರಿಂದ 2011ರವರೆಗೆ ಹನ್ನೊಂದು ವರ್ಷ ಸಾಲಾಗಿ ಲೀಗ್‌ನಲ್ಲಿ ಇವರೇ ಮೊದಲಿಗರು. ನಿಜವಾದ ಪೈಪೋಟಿ ಕೊಟ್ಟಿದ್ದು ಕ್ಯಾಲಿಫೋರ್ನಿಯಾದ ಸೇಂಟ್ ಮೇರೀಸ್ ಒಂದೇ. ಆಸ್ಟ್ರೇಲಿಯಾದ ಹುಡುಗರನ್ನು ಕಟ್ಟಿಕೊಂಡು ಅವರು ಆಡುವ ಆಟ ನನಗೂ ಇಷ್ಟ.

ಆದರೆ ನವೆಂಬರ್, ಡಿಸೆಂಬರ್‌ನಲ್ಲಿ ಫ್ಯೂ ದೇಶದ ಅತಿ ಗಟ್ಟಿ ಟೀಮುಗಳನ್ನು ಹುಡುಕಿಕೊಂಡು ಹೋಗಿ ಆಡಿಸುತ್ತಾರೆ. ಮತ್ತೆ ಮಾರ್ಚ್‌ನಲ್ಲಿ ಲೀಗ್ ಹೆಸರು ನೋಡಿ ಯಾರೂ ದಾರಿ ಬಿಡುವುದಿಲ್ಲ. 2015ರಿಂದ 2024ರವರೆಗೆ ನಡೆದ ಒಂಬತ್ತು ಟೂರ್ನಿಗಳಲ್ಲೂ ಗೊನ್ಜಾಗಾ ಕೊನೆಯ ಹದಿನಾರರಲ್ಲಿತ್ತು. ಸಾಲು ಮುರಿದಿದ್ದು 2025ರಲ್ಲಿ, ಹ್ಯೂಸ್ಟನ್ ಎದುರು 81–76. ದುರ್ಬಲ ಲೀಗ್ ಒಂದರಿಂದಲೇ ಇದು ಆಗುವುದಿಲ್ಲ.

## ಆಟ ಗೊತ್ತಿರುವವರು ಕೇಳುವುದು

ಆಡಮ್ ಮಾರಿಸನ್ ಕೋರ್ಟಿನಲ್ಲೇ ಅತ್ತಿದ್ದು ಯಾಕೆ?

2006ರ ಟೂರ್ನಿ, ಓಕ್‌ಲ್ಯಾಂಡ್, ಯುಸಿಎಲ್‌ಎ (ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯ) ಎದುರು. ಮಾರಿಸನ್ ಆ ವರ್ಷ ದೇಶದಲ್ಲೇ ಅತಿ ಜಾಸ್ತಿ, ಪಂದ್ಯಕ್ಕೆ 28.1 ಪಾಯಿಂಟ್ ಹೊಡೆದವನು. ಸ್ಪೋಕ್ಯಾನ್‌ನಲ್ಲೇ ಬೆಳೆದ ಹುಡುಗ. ಟೈಪ್ 1 ಮಧುಮೇಹ ಇತ್ತು. ಬೆಂಚಿನಲ್ಲಿ ಕೂತು ಸಕ್ಕರೆ ಅಂಶ ನೋಡಿಕೊಂಡು ಮತ್ತೆ ಆಡಲು ಹೋಗುತ್ತಿದ್ದ.

ಗೊನ್ಜಾಗಾ ಒಂದು ಹಂತದಲ್ಲಿ 17 ಪಾಯಿಂಟ್ ಮುಂದಿತ್ತು. ಕೊನೆಯ ಕೆಲವು ನಿಮಿಷದಲ್ಲಿ 71–62. ಅಲ್ಲಿಂದ ಮುಂದೆ ಗೊನ್ಜಾಗಾಕ್ಕೆ ಒಂದು ಪಾಯಿಂಟೂ ಬರಲಿಲ್ಲ. ಯುಸಿಎಲ್‌ಎ ಸಾಲಾಗಿ 11 ಹೊಡೆಯಿತು. 73–71. ಕೊನೆಯ ಸೆಕೆಂಡುಗಳು ಇನ್ನೂ ಬಾಕಿ ಇರುವಾಗಲೇ ಮಾರಿಸನ್ ಕಣ್ಣು ತುಂಬಿತ್ತು, ಜರ್ಸಿ ಮುಖಕ್ಕೆ ಎಳೆದುಕೊಂಡಿದ್ದ. ಮುಗಿದಾಗ ನೆಲದ ಮೇಲೆ ಬಿದ್ದ. ಗೆದ್ದ ಸಂಭ್ರಮ ಬಿಟ್ಟು ಯುಸಿಎಲ್‌ಎ ಆಟಗಾರರೇ ಬಂದು ಅವನನ್ನು ಎಬ್ಬಿಸಿದರು. ಆ ಅಳುವನ್ನು ಆಡಿಕೊಂಡವರು ತುಂಬಾ ಜನ. ನಾನು ಒಪ್ಪುವುದಿಲ್ಲ. ಬೆಳೆದ ಊರಿನ ಟೀಮಿನ ಹೆಸರು ಎದೆ ಮೇಲೆ ಬರೆದುಕೊಂಡು ಆಡುವ 21ರ ಹುಡುಗನಿಗೆ ಅಳುವ ಹಕ್ಕಿದೆ.

2017ರ ಫೈನಲ್‌ನಲ್ಲಿ ರೆಫ್ರಿಗಳೇ ಸೋಲಿಸಿದ್ರಾ?

ಒಬ್ಬ ಅಭಿಮಾನಿಯಾಗಿ ಹೌದು ಅನ್ನಲು ಆಸೆ. ಆದರೆ ಪೂರ್ತಿ ನಿಜ ಅಲ್ಲ.

ಅದು ಗೊನ್ಜಾಗಾದ ಮೊದಲ ಫೈನಲ್. ಫ್ಯೂಗೆ ಮುಖ್ಯ ಕೋಚ್ ಆಗಿ 18ನೇ ಸೀಸನ್. ಸೀಸನ್ನಿನ ಮೊದಲ 29 ಪಂದ್ಯ ಸಾಲಾಗಿ ಗೆದ್ದು ಬಂದ ಟೀಮು. ಎದುರಿಗೆ ನಾರ್ತ್ ಕ್ಯಾರೊಲೈನಾ. ಎರಡೂ ಕಡೆ ಸೇರಿ 44 ಫೌಲ್ ಊದಿದರು, ಆಟ ತಾಳ ಹಿಡಿಯಲೇ ಇಲ್ಲ. ಕೊನೆಯ ಎರಡು ನಿಮಿಷಕ್ಕೆ ಗೊನ್ಜಾಗಾ 65–63ರಿಂದ ಮುಂದೆ. ಆಮೇಲೆ ಕ್ಯಾರೊಲೈನಾ ಒಂದು ಪಾಯಿಂಟ್ ಮುಂದಾಯಿತು. ಗೊನ್ಜಾಗಾದ ಮುಖ್ಯ ಗಾರ್ಡ್ ನೈಜಲ್ ವಿಲಿಯಮ್ಸ್-ಗಾಸ್ ಪಾದ ಉಳುಕಿತು.

ಸುಮಾರು ಐವತ್ತು ಸೆಕೆಂಡು ಉಳಿದಿದ್ದಾಗ ಚೆಂಡಿಗಾಗಿ ನೆಲದ ಮೇಲೆ ಜಗ್ಗಾಟ. ರೆಫ್ರಿ ಚೆಂಡು ಕ್ಯಾರೊಲೈನಾದ್ದು ಅಂದರು. ಮರುಪ್ರಸಾರದಲ್ಲಿ ನೋಡಿದರೆ ಅವರ ಕೆನಡಿ ಮೀಕ್ಸ್‌ನ ಕೈ ಗೆರೆಯ ಹೊರಗೆ ಊರಿದೆ. ಅಂದರೆ ಚೆಂಡು ಗೊನ್ಜಾಗಾಕ್ಕೆ ಬರಬೇಕಿತ್ತು. ಅದು ತಪ್ಪು ತೀರ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಮೇಲೂ ಅವಕಾಶ ಇತ್ತು. ಉಳುಕಿದ ಕಾಲಲ್ಲೇ ವಿಲಿಯಮ್ಸ್-ಗಾಸ್ ನೆಗೆದು ಎಸೆದ, ಅದೇ ಮೀಕ್ಸ್ ತಡೆದ. ಕೊನೆಯ ಎಂಟು ಪಾಯಿಂಟ್‌ಗಳೂ ಕ್ಯಾರೊಲೈನಾದ್ದೇ. 71–65.

ಸಗ್ಸ್ ಹೊಡೆದ ಆ ಶಾಟ್ ಬರೀ ಲಕ್ ಅಲ್ವಾ?

2021ರ ಏಪ್ರಿಲ್. ಕೋವಿಡ್ ಕಾರಣಕ್ಕೆ ಇಡೀ ಟೂರ್ನಿ ಇಂಡಿಯಾನಾ ರಾಜ್ಯದಲ್ಲೇ. ಗೊನ್ಜಾಗಾ ಒಂದೂ ಸೋತಿಲ್ಲ. ಸೆಮಿಫೈನಲ್‌ನಲ್ಲಿ ಎದುರಾದದ್ದು ಮತ್ತೆ ಯುಸಿಎಲ್‌ಎ. ನಮ್ಮಲ್ಲಿ ಭಾನುವಾರ ಬೆಳಗ್ಗೆ. ಮುಂದಿಟ್ಟ ಉಪ್ಪಿಟ್ಟು ಆರಿ ಕಲ್ಲಾಗಿತ್ತು, ನಾನು ಮುಟ್ಟಿರಲಿಲ್ಲ.

ಪಂದ್ಯ ಸಮವಾಗಿ ಹೆಚ್ಚುವರಿ ಐದು ನಿಮಿಷಕ್ಕೆ ಹೋಯಿತು. ಅದರಲ್ಲೂ 3.3 ಸೆಕೆಂಡು ಉಳಿದಿದ್ದಾಗ ಯುಸಿಎಲ್‌ಎಯ ಜಾನಿ ಜುಝಾಂಗ್ ತನ್ನದೇ ತಪ್ಪಿದ ಚೆಂಡು ಹಿಡಿದು ಹಾಕಿ 90–90 ಮಾಡಿದ. ಫ್ಯೂ ಟೈಮ್‌ಔಟ್ ಕೇಳಲಿಲ್ಲ. ಗೊನ್ಜಾಗಾದ ಕಿಸ್ಪರ್ಟ್ ತಕ್ಷಣ ಚೆಂಡು ಒಳಗೆ ಕೊಟ್ಟ. ಜೇಲನ್ ಸಗ್ಸ್ ಮೂರು ನಾಲ್ಕು ಡ್ರಿಬಲ್‌ನಲ್ಲಿ ನಡುಗೆರೆ ದಾಟಿ, ಬುಟ್ಟಿಗೆ ಸುಮಾರು ನಲವತ್ತು ಅಡಿ ದೂರದಿಂದ ಎಸೆದ. ಚೆಂಡು ಗಾಳಿಯಲ್ಲಿದ್ದಾಗಲೇ ಕೆಂಪು ದೀಪ ಹತ್ತಿತು. ಬೋರ್ಡಿಗೆ ಬಡಿದು ಒಳಗೆ ಬಿತ್ತು. 93–90. ಸಗ್ಸ್ ಓಡಿಹೋಗಿ ಸ್ಕೋರರ್‌ಗಳ ಮೇಜು ಹತ್ತಿ ನಿಂತ.

ಅದೃಷ್ಟ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಅದಕ್ಕೂ ಸ್ವಲ್ಪ ಮುಂಚೆ ಅವನು ಮಾಡಿದ್ದನ್ನು ನೋಡಿ. ಸಮ ಸಮ ಇದ್ದಾಗ ತನಗಿಂತ ಎತ್ತರದ ಕೋಡಿ ರೈಲಿಯ ಡಂಕ್ ತಡೆದ. ಚೆಂಡು ಹಿಡಿದುಕೊಂಡು ಓಡುತ್ತಲೇ ಇಬ್ಬರ ನಡುವೆ ನೆಲಕ್ಕೆ ಬಡಿಸಿ ಉದ್ದಕ್ಕೆ ಪಾಸ್ ಕೊಟ್ಟ. ಆ ಕಡೆ ಡ್ರೂ ಟಿಮ್ಮೆ ಹಿಡಿದು ಬುಟ್ಟಿಗೆ ಇಳಿಸಿದ. ನನಗೆ ಆ ಪಾಸ್ ಕೊನೆಯ ಶಾಟ್‌ಗಿಂತ ದೊಡ್ಡದು.

ಇಷ್ಟೆಲ್ಲ ಆಗಿ ಎರಡು ದಿನಕ್ಕೇ ಫೈನಲ್‌ನಲ್ಲಿ ಬೇಲರ್ ಎದುರು ಹಾಗೆ ಸೋತಿದ್ದು ಹೇಗೆ?

ಬೇಲರ್ ಆ ರಾತ್ರಿ ಸುಮ್ನೆ ಜಾಸ್ತಿ ಚೆನ್ನಾಗಿತ್ತು. ಶುರುವಿಗೇ 9–0. ಗೊನ್ಜಾಗಾ ಕೊನೆಯವರೆಗೂ ಹತ್ತಿರ ಬರಲಿಲ್ಲ. 86–70. ಸೆಮಿಫೈನಲ್ ಸುಸ್ತು ಕಾಲಲ್ಲಿ ಕಾಣುತ್ತಿತ್ತು, ಆದರೆ ಅದೊಂದೇ ಕಾರಣ ಅನ್ನಲಾರೆ. ಬೇಲರ್ ಗಾರ್ಡ್‌ಗಳು ಚೆಂಡಿನ ಮೇಲೆ ಹಾಕಿದ ಒತ್ತಡ ಹಾಗಿತ್ತು. ಒಂದೂ ಸೋಲದೆ ಕಪ್ ಗೆದ್ದ ಕೊನೆಯ ಟೀಮ್ 1976ರ ಇಂಡಿಯಾನಾ. ಆ ಸಾಲಿಗೆ ಸೇರಲು ಒಂದೇ ಪಂದ್ಯ ಬಾಕಿ ಇತ್ತು. 31 ಗೆಲುವು, ಒಂದು ಸೋಲು.

ಹಾಗಾದ್ರೆ ಇದು ಕಾಲೇಜು ಬಾಸ್ಕೆಟ್‌ಬಾಲ್‌ನ ಆರ್‌ಸಿಬಿನಾ?

ಕಾಯುವುದರಲ್ಲಿ ಹೌದು. ನಮ್ಮವರು 18ನೇ ಸೀಸನ್ನಿನಲ್ಲಿ, 2025ರಲ್ಲಿ ಕಪ್ ಎತ್ತಿದರು. ನಾನು ಹೇಳುವ 2025ರವರೆಗಿನ ಲೆಕ್ಕದಲ್ಲಿ ಗೊನ್ಜಾಗಾ ಎರಡು ಫೈನಲ್ ಆಡಿ ಎರಡೂ ಸೋತಿದೆ. ಆದರೆ ಒಂದು ವ್ಯತ್ಯಾಸ ಇದೆ. ಆರ್‌ಸಿಬಿ ಮೊದಲ ದಿನದಿಂದಲೂ ದೊಡ್ಡ ಹೆಸರುಗಳ ಟೀಮು. ಗೊನ್ಜಾಗಾ ಸೊನ್ನೆಯಿಂದ ಬಂದಿದ್ದು.

ಅತಿ ಜಾಸ್ತಿ ಪಾಯಿಂಟ್ ಟಿಮ್ಮೆದು. ಬರ್ಜೆಸ್‌ಗಿಂತ ಅವನೇ ದೊಡ್ಡವನಾ?

ಲೆಕ್ಕದಲ್ಲಿ ಟಿಮ್ಮೆ: 2,307. ಬರ್ಜೆಸ್: 2,196. ಆದರೆ ಬರ್ಜೆಸ್ ಆಡಿದ್ದು ಮೂರೇ ಸೀಸನ್, ಟಿಮ್ಮೆ ನಾಲ್ಕು. ಬರ್ಜೆಸ್ ಕಾಲದಲ್ಲಿ ಮೂರು ಪಾಯಿಂಟ್‌ನ ಗೆರೆಯೇ ಇರಲಿಲ್ಲ. ಅವರ ದಾಖಲೆ ಅರವತ್ತಕ್ಕೂ ಜಾಸ್ತಿ ವರ್ಷ ನಿಂತಿತ್ತು, 2023ರಲ್ಲಿ ಮುರಿಯಿತು. ಟಿಮ್ಮೆ ಆಟ ನನಗೆ ತುಂಬಾ ಇಷ್ಟ, ಬುಟ್ಟಿಗೆ ಬೆನ್ನು ಮಾಡಿ ಒಂದು ಪಾದದ ಮೇಲೆ ತಿರುಗುವ ಆ ಹಳೇ ಕಾಲದ ಆಟ. ಆದರೂ ಈ ಪ್ರಶ್ನೆಗೆ ನನ್ನ ಉತ್ತರ ಬರ್ಜೆಸ್.

ಈಗ ಕಾಲೇಜು ಆಟಗಾರರಿಗೂ ದುಡ್ಡು ಕೊಡ್ತಾರಂತೆ. ಚಿಕ್ಕ ಕಾಲೇಜು ಉಳಿಯತ್ತಾ?

2021ರಿಂದ ಆಟಗಾರರು ತಮ್ಮ ಹೆಸರು, ಚಿತ್ರದಿಂದ ದುಡ್ಡು ಮಾಡಬಹುದು. ಟೀಮ್ ಬದಲಿಸುವುದೂ ಸುಲಭವಾಗಿದೆ. ಎರಡು ಮೂರು ವರ್ಷ ಬೆಂಚಿನಲ್ಲಿ ಕಾಯುವ ಹುಡುಗರು ಕಡಿಮೆಯಾಗುತ್ತಿದ್ದಾರೆ, ಇದು ನನಗೆ ನಿಜವಾದ ಚಿಂತೆ. ಆದರೆ ಬೇರೆ ಕಡೆಯಿಂದ ಬಂದವರನ್ನು ಬೆಳೆಸುವುದು ಗೊನ್ಜಾಗಾಕ್ಕೆ ಹೊಸದಲ್ಲ. ಡ್ಯಾನ್ ಡಿಕಾವ್, ವಿಲಿಯಮ್ಸ್-ಗಾಸ್, ಬ್ರಾಂಡನ್ ಕ್ಲಾರ್ಕ್, ಆ್ಯಂಡ್ರ್ಯೂ ನೆಂಬ್‌ಹಾರ್ಡ್ ಎಲ್ಲರೂ ಬೇರೆ ಕಾಲೇಜು ಬಿಟ್ಟು ಬಂದವರೇ. 2025ರ ಎನ್‌ಬಿಎ ಫೈನಲ್‌ನಲ್ಲಿ ಒಂದು ಕಡೆ ಚೆಟ್ ಹೋಮ್‌ಗ್ರೆನ್, ಇನ್ನೊಂದು ಕಡೆ ಆ್ಯಂಡ್ರ್ಯೂ ನೆಂಬ್‌ಹಾರ್ಡ್. ಮೂರು ವರ್ಷ ಹಿಂದೆ ಇಬ್ಬರೂ ಸ್ಪೋಕ್ಯಾನ್‌ನಲ್ಲಿ ಒಂದೇ ಟೀಮು.

ದೊಡ್ಡ ಲೀಗ್ ಕಡೆಗೂ ಹೆಜ್ಜೆ ಇಟ್ಟಿದ್ದಾರೆ. 2026ರ ಜುಲೈಯಿಂದ ಪ್ಯಾಕ್-12 ಸೇರುವುದಾಗಿ 2024ರ ಅಕ್ಟೋಬರ್‌ನಲ್ಲೇ ಹೇಳಿದ್ದರು.

ಒಂದೇ ಒಂದು ಹಳೇ ಪಂದ್ಯ ನೋಡೋಕೆ ಟೈಮಿದೆ. ಯಾವುದು?

ಎಲ್ಲರೂ 2021ರ ಯುಸಿಎಲ್‌ಎ ಪಂದ್ಯ ಅಂತಾರೆ. ನಾನು 1999ರ ಫ್ಲಾರಿಡಾ ಪಂದ್ಯ ಅಂತೀನಿ. ಚಿತ್ರ ಅಷ್ಟು ಸ್ಪಷ್ಟ ಇರಲ್ಲ, ಚಡ್ಡಿಗಳು ಮೊಣಕಾಲು ಮುಚ್ಚುವಷ್ಟು ದೊಗಳೆ. ಕೊನೆಯ ಒಂದು ನಿಮಿಷ ಎರಡು ಸಲ ನೋಡಿ. ಮೊದಲ ಸಲ ಚೆಂಡು ನೋಡಿ. ಎರಡನೇ ಸಲ ಚೆಂಡು ಬಿಟ್ಟು ಕ್ಯಾಲ್ವರಿಯನ್ನು ನೋಡಿ. ಹಾಲ್ ಎಸೆದ ಕ್ಷಣಕ್ಕೇ ಅವನು ಬುಟ್ಟಿಯ ಹತ್ತಿರ ಜಾಗ ಹಿಡಿಯಲು ಹೊರಟಿರುತ್ತಾನೆ.